ಮೇಸ್ತ್ರಿಯ ಕಿವಿರು

"ತಲಿ ಆಡಿಸ್ದೆ ನಿಲ್ಲಿ ಕಾಂಬ," ಎಂದು ಚಂದಯ್ಯ ಇನ್ನೂ ಹತ್ತಿರ ಬಗ್ಗಿದ.

"ಎಂತ ಮಾರಾಯ್ರೆ, ನನ್ನ ಕಣ್ಣಗೆ ಎಂತ ಇತ್ತ್?" ಕಂಟ್ರಾಕ್ಟರ್ ಅಕ್ಷಯ್ ಹಿಂದೆ ಸರಿದವನು ಅಕ್ಕಿ ಡಬ್ಬಕ್ಕೆ ಡಿಕ್ಕಿ ಹೊಡೆದ.

ಕಣ್ಣಲ್ಲಿ ಏನೂ ಕಾಣಲಿಲ್ಲ. ಅದೇ ಚಂದಯ್ಯನ ಚಿಂತೆ. ಇಪ್ಪತ್ತೈದು ವರ್ಷ ಬೀಜಾಡಿಯಲ್ಲಿ ಮೀನು ಮಾರಿದವನು ಬಂಗುಡೆಯ ಕಣ್ಣು ನೋಡಿದರೆ ಸಾಕು, ಅದು ಇಂದಿನದೋ ನಿನ್ನೆಯದೋ ಹೇಳಿಬಿಡುತ್ತಿದ್ದ. ಕಂಟ್ರಾಕ್ಟರುಗಳಿಗೆ ಕಿವಿರು ಇಲ್ಲ, ಎತ್ತಿ ಬಣ್ಣ ನೋಡುವ ಹಾಗಿಲ್ಲ.

ಎಂಟು ದಿನದ ಹಿಂದೆ ಅಡುಗೆಮನೆಯ ಗೋಡೆಯಿಂದ ಅಂಗೈ ಅಗಲದ ಸಿಮೆಂಟಿನ ಸಾರಣೆ ಕಳಚಿ, ಕುದಿಯುತ್ತಿದ್ದ ಬಂಗುಡೆ ಸಾರಿಗೆ ನೇರವಾಗಿ ಬಿದ್ದಿತ್ತು. ಹೆಂಡತಿ ಪ್ರಭಾವತಿ ಪಾತ್ರೆಯನ್ನು ಹಾಗೇ ಅಂಗಳಕ್ಕೆ ತಂದಿಟ್ಟು, "ಗೋಡಿ ಸಮ ಆಪಲ್ಲಿವರಿಗೆ ಈ ಮನಿಯಗೆ ನಾ ಮೀನ್ ಬೇಯ್ಸುದಿಲ್ಲೆ," ಎಂದಿದ್ದಳು. ಅಂದಿನಿಂದ ಗಂಜಿ, ಉಪ್ಪಿನಕಾಯಿ. ಚಂದಯ್ಯನಿಗೆ ಮೀನು ಮಾರಲು ಬರುತ್ತಿತ್ತು, ಬೇಯಿಸಲು ಬರುತ್ತಿರಲಿಲ್ಲ. ಹೋಟೆಲಿನಲ್ಲಿ ಕೂತು ಮೀನೂಟ ಮಾಡಿದರೆ ಗಿರಾಕಿಗಳಿಗೆ ಮುಖ ತೋರಿಸುವುದು ಹೇಗೆ?

"ಗೋಡಿ ಒಡ್ದ್ ಹೊಸ್ದ್ ಕಟ್ವ, ಸಿಂಕ್ ಕಿತ್ತ್ ಬದ್ಲ್ ಮಾಡ್ವ. ಹತ್ತೇ ದಿನ!" ಎಂದ ಅಕ್ಷಯ್.

ಹತ್ತು ದಿನ ಎಂದೊಡನೆ ಚಂದಯ್ಯನ ಬಾಯಲ್ಲಿ ನೀರೂರಿತು. ಅಷ್ಟರಲ್ಲಿ ಕಿಟಕಿಯಲ್ಲಿ ಪಕ್ಕದ ಮನೆಯ ಜಲಜಕ್ಕನ ಮುಖ ಮೂಡಿತು. ಹಿಂದೊಬ್ಬ ಕಂಟ್ರಾಕ್ಟರ್ ಆಕೆಯ ಬಚ್ಚಲಿಗೆ ಬಾಗಿಲಿಡದೆ ಆರು ತಿಂಗಳು ಮಾಯವಾಗಿದ್ದ. ಅಂದಿನಿಂದ ಈ ವಿಷಯದಲ್ಲಿ ಊರಿಗೆಲ್ಲ ಆಕೆಯೇ ಪಂಡಿತೆ. ಕೈಯಲ್ಲಿ ಮೊಬೈಲು, ಅದರಲ್ಲಿ ಯಾರೋ ಕಳಿಸಿದ 'ಮೋಸದ ಲಕ್ಷಣಗಳು'.

"ಹ್ವಾಯ್ ಚಂದಯ್ಯಣ್ಣ, ಇವ್ರ್ ಅಳತಿ ಟೇಪೇ ತರ್ಲಿಲ್ಲ ಕಾಣಿ! ಅಳೀದೆ ಹತ್ ದಿನ ಅಂಬುದ್ ಹ್ಯಾಂಗೆ? ಒಂದ್ನೇ ಲಕ್ಷಣ!"

ಅಕ್ಷಯ್ ಬೈಕು ಹತ್ತಿದ.

ಹನ್ನೊಂದು ಗಂಟೆಗೆ ಬ್ರಹ್ಮಾವರದಿಂದ ಅನೂಪ್ ಬಂದ. ಇವನಲ್ಲಿ ಟೇಪಿತ್ತು, ಮೊಬೈಲಿನಲ್ಲಿ ತಾನು ಮಾಡಿದ ಕೆಲಸಗಳ ಫೋಟೋಗಳಿದ್ದವು. "ಇದ್ ಕೋಟೇಶ್ವರದ್ ಅಡ್ಗಿಮನಿ ಕಾಣಿ."

ಚಂದಯ್ಯ ಕಣ್ಣರಳಿಸಿ ನೋಡಿದ. ಜಲಜಕ್ಕ ಕಿಟಕಿಯ ಸರಳಿನ ನಡುವಿನಿಂದ ಕೈ ತೂರಿಸಿ ಫೋಟೋ ಹಿಗ್ಗಿಸಿದಳು. "ಹೊರ್ಗ್ ಮರದ್ ಮೇಲ್ ಬೆಳ್ಳಗ್ ಇಪ್ದ್ ಎಂತ?"

"ಅದ್... ಬಿಳಿ ಹೂಗ್."

"ಹಿಮ ಮಾರಾಯ್ರೆ! ಕೋಟೇಶ್ವರದಗೆ ಹಿಮ ಬಿದ್ದದ್ ಯಾವಾಗ? ಇರ್ಲಿ, ಕೆಲ್ಸ ಮಾಡಿಸ್ದವ್ರ ನಂಬರ್ ಕೊಡಿ."

ಅನೂಪ್ ಕೊಟ್ಟ. ಜಲಜಕ್ಕ ಒತ್ತಿದಳು. ಅನೂಪನ ಪ್ಯಾಂಟಿನ ಹಿಂದಿನ ಕಿಸೆಯಲ್ಲಿದ್ದ ಇನ್ನೊಂದು ಮೊಬೈಲು ಹಾಡತೊಡಗಿತು. ಮೂವರೂ ಆ ಹಾಡನ್ನು ಕೊನೆಯವರೆಗೆ ಕೇಳಿದರು.

ಮೂರು ಗಂಟೆಗೆ ಬರುತ್ತೇನೆಂದಿದ್ದ ಬಸ್ರೂರಿನ ಮೇಸ್ತ್ರಿ ರತ್ನ ಮೂರಕ್ಕೇ ಬಂದಳು. ಜಲಜಕ್ಕನಿಗೆ ಇದೇ ಅನುಮಾನ ಹುಟ್ಟಿಸಿತು.

ನಲವತ್ತರ ಹೆಂಗಸು. ಸ್ಕೂಟರಿನಿಂದ ಇಳಿದವಳು ಚಪ್ಪಲಿ ಬಿಟ್ಟು, ಒಳಗೆ ಬಂದು, ಯಾರೊಂದಿಗೂ ಮಾತಾಡದೆ ಗೋಡೆಗೆ ಅಂಗೈ ಇಟ್ಟು ನಿಂತಳು. ಜ್ವರ ನೋಡುವ ಡಾಕ್ಟರರ ಹಾಗೆ. ಸ್ಕ್ರೂಡ್ರೈವರಿನ ಹಿಡಿಯಿಂದ ಟೈಲ್ಸುಗಳನ್ನು ಒಂದೊಂದಾಗಿ ಬಡಿದು ಕಿವಿಗೊಟ್ಟಳು. "ಇದ್ ಟೊಳ್ಳ್, ಇದ್ ಗಟ್ಟಿ, ಇದ್ ಟೊಳ್ಳ್." ಪ್ರಭಾವತಿ ಕಾಫಿ ಲೋಟ ಹಿಡಿದು ಹಾಗೇ ನಿಂತುಬಿಟ್ಟಳು.

"ಕೆಲ್ಸ ಮಾಡಿಸ್ದವ್ರ ನಂಬರ್?" ಎಂದಳು ಜಲಜಕ್ಕ.

"ನಂಬರ್ ಎಂತಕ್ಕೆ? ಇಲ್ಲೇ ಶಾಲಿ ಹತ್ರ ಪೂಜಿತಾ ಅವ್ರ ಮನಿ. ಹೋಯಿ ಕಂಡ್ ಬನಿ."

ಜಲಜಕ್ಕ ನಿಜಕ್ಕೂ ಹೋದಳು. ಹತ್ತು ನಿಮಿಷದಲ್ಲಿ ಏದುಸಿರು ಬಿಡುತ್ತ ಬಂದು ಕಿಟಕಿ ಹಿಡಿದಳು. "ಕೆಲ್ಸ ಮುಗ್ದ್ ವರ್ಷ ಆದ್ಮೇಲೆ, ಮಳಿಗಾಲದಗೆ, ಕರೀದೇ ಇವ್ರೇ ಬಂದ್ ಸೋರ್ತಾ ಇಲ್ಯಾ ಅಂತ ಕಂಡ್ ಹೋದ್ರಂಬ್ರ್!" ಆ ದನಿಯಲ್ಲಿ ಸೋಲಿತ್ತು, ಭಕ್ತಿಯೂ ಇತ್ತು.

ರತ್ನ ಗೋಡೆಯ ಬಿಳಿ ಹುಡಿಯನ್ನು ಉಗುರಿನಿಂದ ಕೆರೆದು ನಾಲಿಗೆಗೆ ತಾಗಿಸಿದಳು. "ಉಪ್ಪ್," ಎಂದು ಸೀದಾ ಹಿತ್ತಿಲಿಗೆ ನಡೆದಳು. ಎಲ್ಲರೂ ಹಿಂದೆ ಓಡಿದರು. ಅದೇ ಗೋಡೆಯ ಹೊರಬದಿಗೆ ಒತ್ತಿ, ನೆರಳಿನಲ್ಲಿ, ಚಂದಯ್ಯನ ಆರು ಮೀನಿನ ಪೆಟ್ಟಿಗೆಗಳಿದ್ದವು. ಮಂಜುಗಡ್ಡೆ ಕರಗಿದ ಉಪ್ಪುನೀರು ಗೋಡೆಯ ಬುಡಕ್ಕೆ ತಣ್ಣಗೆ ಇಳಿಯುತ್ತಿತ್ತು.

"ಪೈಪ್ ಸಮ ಇತ್ತ್. ಸಿಂಕ್ ಸಮ ಇತ್ತ್. ಗೋಡಿಗೆ ನೀರ್ ಕುಡಿಸ್ತಿಪ್ದ್ ನೀವೇ," ಎಂದಳು ರತ್ನ. "ಈಗ ನಂಗೆ ಇಲ್ಲಿ ಕೆಲ್ಸವೇ ಇಲ್ಲೆ."

ಚಂದಯ್ಯನಿಗೆ ಕೈಮುಗಿಯಬೇಕು ಅನ್ನಿಸಿತು. ಸಿಕ್ಕ ಕೆಲಸವನ್ನು ಇಲ್ಲ ಎನ್ನುವ ಕಂಟ್ರಾಕ್ಟರ್! ಜಲಜಕ್ಕ ಮೊಬೈಲನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು. ಇಂಥವರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

"ಪೆಟ್ಗಿ ದೂರ ಇಡಿ. ಮೂರ್ ತಿಂಗ್ಳ್ ಗೋಡಿ ಒಣಗ್ಲಿ. ಮತ್ತೆ ಸಾರಣಿ ಮಾಡುಕ್ ನಾನೇ ಬತ್ತೆ."

"ಮೂರ್ ತಿಂಗ್ಳಾ?" ಚಂದಯ್ಯನ ಭಕ್ತಿ ಅಲ್ಲಿಗೇ ಇಳಿಯಿತು. "ಹತ್ ದಿನದಗೆ ಆತಿಲ್ಯಾ ರತ್ನಕ್ಕ? ಬೇಕಾರೆ ಒಂಚೂರ್ ಮೋಸ ಮಾಡಿ, ಅಡ್ಡಿಲ್ಲೆ."

"ಹಸಿ ಗೋಡಿ ಮೇಲ್ ಸಾರಣಿ ಮಾಡಿರೆ ಮತ್ತೆ ಸಾರಿಗೇ ಬೀಳ್ತ್," ಎಂದು ರತ್ನ ಸ್ಕೂಟರು ಹತ್ತಿದಳು. ನೋಡಲು ಬಂದದ್ದಕ್ಕೆಂದು ಏನೂ ತೆಗೆದುಕೊಳ್ಳಲಿಲ್ಲ.

ಪ್ರಭಾವತಿ ಇಡೀ ಹೊತ್ತು ಪೆಟ್ಟಿಗೆಗಳನ್ನೇ ನೋಡುತ್ತಿದ್ದಳು. "ಈ ಪೆಟ್ಗಿ ಆಚಿಗ್ ಇಡಿ ಅಂತ ನಾ ಹೇಳುಕ್ ಶುರು ಮಾಡಿ ಎಷ್ಟ್ ವರ್ಷ ಆಯ್ತ್?" ಎಂದಳು, ತುಂಬ ಮೆತ್ತಗೆ.

"ಏಳ್," ಎಂದಳು ಜಲಜಕ್ಕ, ತನ್ನನ್ನು ಯಾರೂ ಕೇಳದಿದ್ದರೂ.

ಚಂದಯ್ಯ ಬೆವರು ಸುರಿಸಿ ಆರೂ ಪೆಟ್ಟಿಗೆಗಳನ್ನು ತೆಂಗಿನ ಬುಡಕ್ಕೆ ಸಾಗಿಸಿದ. ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದ, ಉರಿಗೆ ಒಣ ತೆಂಗಿನ ಸೋಗೆ ಒಟ್ಟಿದ. ಪೆಟ್ಟಿಗೆಯಿಂದ ಆರಿಸಿದ ನಾಲ್ಕು ಕಾಣೆ ಮೀನುಗಳನ್ನು ತಾನೇ ತೊಳೆದು, ಬಾಳೆಲೆಯಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಮುಂದೆ ನಿಂತ.

"ಪ್ರಭಾ, ನೀ ಹೇಳ್ದ್ ಮನಿ ಒಳ್ಗೆ ಅಂತ. ಇದ್ ಅಂಗ್ಳ. ಮೂರ್ ತಿಂಗ್ಳ್ ಇಲ್ಲೇ ಮಾಡ್ವ. ಸೌದಿ ನಾ ಹಾಕ್ತೆ, ಮಸಾಲಿ ಕಲ್ಲಗೆ ನಾ ಕಡಿತೆ. ನೀ ಬರೀ ಉಪ್ಪ್ ಹುಳಿ ಹೇಳ್. ಆತ್ತಾ?"

ಪ್ರಭಾವತಿ ಬಾಳೆಲೆಯನ್ನು ನೋಡಿದಳು, ಗಂಡನ ಮುಖವನ್ನು ನೋಡಿದಳು, ಏಳು ವರ್ಷದ ಮೇಲೆ ತೆಂಗಿನ ಬುಡ ಸೇರಿದ ಪೆಟ್ಟಿಗೆಗಳನ್ನೂ ನೋಡಿದಳು.

"ಆತಿಲ್ಲೆ," ಎಂದಳು.