ಹೆಣ್ಣು ಕುರಿ ಕೊಯ್ಯಬೇಡಿ ಎಂದದ್ದಕ್ಕೆ

ಸರ್ವರ್ ಬಿದ್ದದ್ದು ಕುರಿಗಳಿಂದ. ಆ ಕುರಿಗಳನ್ನು ಹೆಚ್ಚಿಸಿದ್ದು ನಾನು. ಇಂಟರ್ನೆಟ್ಟಿನದಾಗಲಿ, ಕಂಪನಿಯವರದಾಗಲಿ ಇದರಲ್ಲಿ ಏನೂ ತಪ್ಪಿಲ್ಲ. ನಾನೇ ಮೊದಲು ಹೇಳಿಬಿಡುತ್ತೇನೆ. ನಮ್ಮ ಮನೆಮಂದಿಯ ಬಾಯಿಂದ ಕೇಳಿದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಮಂಠಾಳದ ಕಡೆ ಕುರಿ ಕಾಯ್ದು ಬೆಳೆದವಳು, ಈಗ ಬಸವಕಲ್ಯಾಣದಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಗಳು ಭಾಗ್ಯಶ್ರೀ ಕಂಪ್ಯೂಟರ್ ಡಿಪ್ಲೊಮಾ ಓದುತ್ತಾಳೆ. ಆಕೆಯದೊಂದು ಆಟವಿದೆ: ಚೌಕ ಚೌಕ ಕಲ್ಲಿನಿಂದ ಊರು ಕಟ್ಟುವುದು, ಹೊಲ ಮಾಡುವುದು, ಕುರಿ ಸಾಕುವುದು. ಗೆಳತಿಯರೆಲ್ಲ ತಮ್ಮ ತಮ್ಮ ಮನೆಯಲ್ಲಿ ಕುಳಿತೇ ಆ ಒಂದೇ ಊರಿನಲ್ಲಿ ಓಡಾಡಲೆಂದು ಯಾವುದೋ ಕಂಪನಿಯ ಕ್ಲೌಡಿನಲ್ಲಿ ಒಂದು ವರ್ಚುವಲ್ ಮಷೀನನ್ನು ಸರ್ವರ್ ಎಂದು ಬಾಡಿಗೆಗೆ ಹಿಡಿದಿದ್ದಾಳೆ. ಹಾಗೆಂದರೇನೆಂದು ಕೇಳಿದೆ.

"ಮಷೀನ್ ಖರೇ ಇರಂಗಿಲ್ಲ ಆಯಿ, ಆದ್ರ ಕೆಲಸ ಮಾಡ್ತದ."

"ನಿಮ್ಮ ಅಜ್ಜ ಖರೇನೇ ಇದ್ದ. ಕೆಲಸ ಮಾತ್ರ ಮಾಡ್ತಿರಲಿಲ್ಲ" ಎಂದೆ.

ಆ ಊರಿನಲ್ಲಿ ಈ ಮುದುಕಿಗೇನು ಕೆಲಸ ಎನ್ನಬಹುದು. ಇತ್ತು. ಹುಮನಾಬಾದಿನಲ್ಲಿರುವ ನನ್ನ ಮಗಳು ಸುಜಾತಾ ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಆಕೆಯ ಹೊಸ ಮನೆಯ ಗೃಹಪ್ರವೇಶದ ದಿನ, ಬೀಗರ ಎದುರಿಗೇ, ಈ ಅಡುಗೆಮನೆಗಿಂತ ನಮ್ಮ ಕುರಿ ದೊಡ್ಡಿ ವಾಸಿ ಎಂದಿದ್ದೆ. ಇಕ್ಕಟ್ಟೇ ಇತ್ತು, ಸುಳ್ಳೇನಲ್ಲ. ಆಕೆಯ ಮಗಳು ಐಶ್ವರ್ಯಾ ಮಾತ್ರ ಸಂಜೆ ಸಂಜೆ ಈ ಆಟಕ್ಕೆ ಬರುತ್ತಿದ್ದಳು. ಸ್ಪೀಕರಿನಲ್ಲಿ ಆ ಹುಡುಗಿಯ ದನಿ, ಅದರ ಹಿಂದೆ ಸುಜಾತಾಳ ಕುಕ್ಕರಿನ ಸೀಟಿ, ಒಮ್ಮೊಮ್ಮೆ ಸುಜಾತಾಳ ಕೆಮ್ಮು. ಮಗಳೆಂದರೆ ನನಗೆ ಸಿಗುತ್ತಿದ್ದುದು ಅಷ್ಟೇ. ಅಷ್ಟಕ್ಕಾಗಿ ದಿನಾ ಮೊಮ್ಮಗಳ ಪಕ್ಕ ಕುಳಿತು ಕುರಿಯ ವಿಷಯದಲ್ಲಿ ಬುದ್ಧಿ ಹೇಳುತ್ತಿದ್ದೆ.

ಒಮ್ಮೆ ಹುಡುಗಿಯರು ಕುರಿ ಕೊಯ್ಯಲು ಹೊರಟರು. "ಹೆಣ್ಣ ಕುರಿ ಕೊಯ್ಯಬ್ಯಾಡ್ರೇ, ಹಿಂಡು ಹಾಳಾಗ್ತದ" ಎಂದೆ. ನಮ್ಮಲ್ಲಿ ಅದೇ ಪದ್ಧತಿ. ಯಾವುದು ಹೆಣ್ಣು, ಯಾವುದು ಟಗರು ಎಂದು ಕೇಳಿದರು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಆಟ ಮಾಡಿದವರು ಆ ವ್ಯತ್ಯಾಸವನ್ನೇ ಇಟ್ಟಿರಲಿಲ್ಲ. ಹಾಗಾದರೆ ಎಲ್ಲವೂ ಹೆಣ್ಣೇ ಎಂದು ತೀರ್ಪು ಕೊಟ್ಟೆ. ಒಂದನ್ನೂ ಕೊಯ್ಯಲಿಲ್ಲ. ಗೋಧಿ ತಿನ್ನಿಸಿದಂತೆಲ್ಲ ಅವು ಮರಿ ಹಾಕುತ್ತಲೇ ಹೋದವು.

ಒಂದು ದಿನ ಆ ಊರೇ ನಿಂತುಹೋಯಿತು. ಎಬ್ಬಿಸಿದರೆ ಎರಡು ನಿಮಿಷ ಇರುವುದು, ಮತ್ತೆ ಬೀಳುವುದು. ಮೂರು ದಿನ ಕುಕ್ಕರಿನ ಸೀಟಿ ಕೇಳಲಿಲ್ಲ. ನನಗೆ ರೊಟ್ಟಿ ರುಚಿಸಲಿಲ್ಲ. ಹಲ್ಲುನೋವು ಎಂದು ಸೊಸೆಗೆ ಹೇಳಿದೆ. ಭಾಗ್ಯಶ್ರೀ ಸ್ಪೀಕರ್ ಹಾಕಿ ಐಶ್ವರ್ಯಾಳಿಗೆ ಫೋನು ಮಾಡಿ, "ನನಗ ಸಾಕಾಗ್ಯದ, ಪೂರಾ ಅಳಿಸಿ ಬಿಡ್ತೀನಿ" ಎನ್ನುತ್ತಿದ್ದಾಗ ಆ ಕಡೆ ಯಾರೋ ಫೋನು ಕಸಿದುಕೊಂಡರು. ಸುಜಾತಾ.

"ಎಲ್ಲಿಗೆ ಹೋದಾಗ ನಿಲ್ತದ ಅದು?"

"ಕುರಿ ದೊಡ್ಡಿ ಹತ್ರ, ಅತ್ತಿ."

"ಎಷ್ಟ ಕುರಿ ಅದಾವ?"

"ಎಣಸಾಕ ಬರಂಗಿಲ್ಲ. ಒಂದರ ಮ್ಯಾಲ ಒಂದು ನಿಂತಾವ."

"ಹಂಗ ತುಂಬ್ರಿ ಅಂತ ಯಾರ ಹೇಳ್ಯಾರ?"

ಭಾಗ್ಯಶ್ರೀ ನನ್ನ ಮುಖ ನೋಡಿದಳು. "ಆಯಿ."

ಆ ಕಡೆಯಿಂದ ಶುರುವಾಯಿತು. "ಅವ್ವಾ, ನಿನಗ ಅಕಲ್ ಅದನೋ ಇಲ್ಲೋ? ಅಷ್ಟ ಸಣ್ಣ ಮಷೀನ್‌ದಾಗ ಇಡೀ ತಾಲೂಕಿನ ಕುರಿ ತುಂಬ್ತಾರೇನ? ಇಕ್ಕಟ್ಟಾದ್ರ ಉಸುರು ಕಟ್ತಾವಂತ ನನಗ ಹೊಡದು ಕಲಿಸಿದಾಕಿ ನೀನೇ ಅಲ್ಲ?"

ಎರಡು ವರ್ಷದ ಮೇಲೆ ನನಗೆಂದೇ ಬಂದ ಮೊದಲ ಮಾತು. ಬೈಗುಳವೇ; ಆದರೂ ಒಂದಕ್ಷರ ಬಿಡದೆ ಕೇಳಿದೆ. ನಡುವೆ ಬಾಯಿ ಹಾಕಲಿಲ್ಲ, ಅದು ನನ್ನ ಪಾಲಿಗೆ ದೊಡ್ಡ ಸಾಧನೆ. ಬೈದು ಮುಗಿದ ಮೇಲೆ ಮೊಮ್ಮಗಳಿಗೆ, "ಕೊಲ್ಲೇ ಎಲ್ಲಾ" ಎಂದೆ. ಮಷೀನ್ ಎದ್ದು ನಿಂತ ಎರಡೇ ನಿಮಿಷದಲ್ಲಿ ಆಕೆ ಒಂದು ಸಾಲು ಟೈಪು ಮಾಡಿದಳು. ಕುರಿಗಳು ಹೋದವು, ಊರು ಉಳಿಯಿತು. ದೇವರಿಗೆ ನಾನು ಸುಮ್ಮನೆ ಕೈ ಮುಗಿಯುವವಳಲ್ಲ. ಆ ದಿನ ಮಾತ್ರ, ಖರೇ ಇಲ್ಲದ ಆ ಮಷೀನಿಗೆ, ಸತ್ತ ಅಷ್ಟೂ ಕುರಿಗಳಿಗೆ, ಕಂಪ್ಯೂಟರ್ ಇದ್ದ ಕಡೆ ತಿರುಗಿ ಕೈ ಮುಗಿದೆ.

ಮರುದಿನ ಬೆಳಿಗ್ಗೆ ಹುಮನಾಬಾದಿನ ಬಸ್ಸು ಹತ್ತಿದೆ. ಬಾಗಿಲು ತೆಗೆದ ಸುಜಾತಾಳಿಗೆ, ನಿಂತಲ್ಲೇ, "ತಪ್ಪು ನಂದೇ ಅದ" ಎಂದೆ. ಆಕೆಯ ಕಣ್ಣು ತುಂಬಿಕೊಂಡಿತು. ನನಗೆ ಗಾಬರಿಯಾಗಿ, "ಕುರಿ ವಿಷಯ ಹೇಳಾಕತ್ತೀನಿ" ಎಂದೆ.