ಗಿಟಾರಿಗೊಂದು ಆಯುಧಪೂಜೆ

ಸಚಿವಾಲಯದ ಖರೀದಿ ವಿಭಾಗದಲ್ಲಿ ಅರ್ಧ ಆಯುಷ್ಯ ಸವೆಸಿದವನು ನಾನು. ಕಾಲು ಕುಂಟುವ ಒಂದೇ ಒಂದು ಕುರ್ಚಿಯೂ ನನ್ನ ಕಣ್ಣು ತಪ್ಪಿಸಿ ಭಾರತ ಸರ್ಕಾರದ ಸೇವೆಗೆ ಸೇರಿದ್ದಿಲ್ಲ. ಇಂಥವನಿಗೆ ಒಂದು ಗಿಟಾರ್ ಯಾವ ಲೆಕ್ಕ!

ಮಗಳು ಗಗನಾ ಬೇಡಿದ್ದು ಸಾದಾ ಎಲೆಕ್ಟ್ರಿಕ್ ಗಿಟಾರಲ್ಲ. ಜಗದ್ವಿಖ್ಯಾತ ವಾದಕನೊಬ್ಬನ ಹೆಸರು ಹೊತ್ತು, ಅವನದರಂತೆಯೇ ತಯಾರಾದ ‘ಸಿಗ್ನೇಚರ್’ ಗಿಟಾರ್. ಬೆಲೆ ಸಾದಾ ಗಿಟಾರಿನ ಮೂರು ಪಟ್ಟು.

“ಪ್ಲೀಸ್ ಪಪ್ಪಾ! ಬ್ಯಾಂಡ್‌ನಲ್ಲಿ ಸಬ್ ಕೇ ಪಾಸ್ ಅಚ್ಛಾ ಗಿಟಾರ್ ಹೈ, ನಂದು ಮಾತ್ರ ಡಬ್ಬಾ!”

“ಪರಿಶೀಲಿಸದೆ ಮಂಜೂರು ಮಾಡುವವನಲ್ಲ ನಾನು.”

ಕರೋಲ್ ಬಾಗಿನ ಅಂಗಡಿಯ ಖುರಾನಾ ಉದಾರಿ. ಮುಂಗಡ ಪಡೆದು, “ಮನೆಗೆ ಒಯ್ಯಿರಿ ಸಾಹೇಬ್. ಹಿಡಿಸದಿದ್ದರೆ ದಸರಾ ಆದ ಮೇಲೆ ಹಿಂತಿರುಗಿಸಿ” ಎಂದು ಮುಚ್ಚಿದ ಪೆಟ್ಟಿಗೆಯಲ್ಲೇ ಕಳಿಸಿಕೊಟ್ಟ.

ಆಯುಧಪೂಜೆಯ ಮುನ್ನಾದಿನ, ಗಗನಾ ಕಾಲೇಜಿಗೆ ಹೋದ ಮೇಲೆ, ದ್ವಾರಕಾದ ನಮ್ಮ ಫ್ಲ್ಯಾಟಿನಲ್ಲಿ ಕನ್ನಡಕ ಒರೆಸಿಕೊಂಡು ಪೆಟ್ಟಿಗೆ ತೆರೆದೆ. ಗಿಟಾರಿನ ಮೈತುಂಬ ಗೀರು! ಅಂಚಿನ ಬಣ್ಣ ಎದ್ದಿದೆ, ತಿರುಪುಗಳು ಕಿಲುಬು ಹಿಡಿದಿವೆ, ತಲೆಯ ಬಳಿ ಸಿಗರೇಟು ಸುಟ್ಟ ಕಲೆ!

“ನೋಡಿದೆಯಾ ವೈಜಯಂತಿ? ಯಾರೋ ಬಳಸಿ ಬಿಸಾಕಿದ ಮಾಲು!”

ಹುಣಸೆಹಣ್ಣಿನಲ್ಲಿ ದೀಪದ ಕಂಬ ತಿಕ್ಕುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. “ಅಂಗಡಿಯವನಿಗೆ ಒಂದು ಫೋನ್ ಮಾಡಿ ಕೇಳಿ.”

“ಕೇಳುವುದೇನು, ಕಣ್ಣಿಗೇ ಕಾಣುತ್ತಿದೆ. ಇಂಥ ಕೊಳಕು ಆಯುಧವನ್ನು ನಾಳೆ ದೇವರ ಮುಂದೆ ಇಡುವುದೇ?”

“ರೀ, ಅದಿನ್ನೂ ನಮ್ಮದಾಗಿಲ್ಲ!”

ಧರ್ಮಸೂಕ್ಷ್ಮ ತಿಳಿಯದವರೊಡನೆ ವಾದ ಸಲ್ಲದು. ಉಪ್ಪುಕಾಗದ ಹಿಡಿದು ಗೀರುಗಳನ್ನೆಲ್ಲ ತಿಕ್ಕಿದೆ. ಬಾಗಿಲಿಗೆ ಬಳಿದು ಮಿಕ್ಕಿದ್ದ ವಾರ್ನಿಷ್ ಹಚ್ಚಿದೆ. ಹೆಂಡತಿಯ ಹುಣಸೆಹಣ್ಣನ್ನೇ ಕಡ ಪಡೆದು ತಿರುಪುಗಳನ್ನು ಬೆಳಗಿದೆ. ಸಂಜೆಯ ಹೊತ್ತಿಗೆ ಗಿಟಾರು ಎಣ್ಣೆಸ್ನಾನ ಮುಗಿಸಿದ ಮದುಮಗನಂತೆ ಹೊಳೆಯುತ್ತಿತ್ತು!

ಗಗನಾ ಬಂದಳು. ನೋಡಿದಳು. ಚೀಲ ಕೈಜಾರಿತು.

“ಪಪ್ಪಾ… ಸ್ಕ್ರ್ಯಾಚಸ್ ಕಹಾಂ ಗಯೇ?”

“ಒಂದನ್ನೂ ಉಳಿಸಿಲ್ಲ!” ಎಂದೆ, ಎದೆಯುಬ್ಬಿಸಿ.

“ಅಯ್ಯೋ! ಆ ಆರ್ಟಿಸ್ಟ್‌ದು ಹಳೇ ಗಿಟಾರ್ ಇದೆಯಲ್ಲ, ಅದರ ಒಂದೊಂದು ಸ್ಕ್ರ್ಯಾಚೂ ನೋಡಿ ನೋಡಿ ಹಾಥ್ ಸೇ ಕಾಪಿ ಮಾಡಿದ್ದು ಪಪ್ಪಾ! ಉಸೀ ಕೇ ತೋ ಪೈಸೇ ಥೇ! ಮೂರು ಪಟ್ಟು ರೇಟು ಆ ಸ್ಕ್ರ್ಯಾಚಸ್‌ಗೇ!”

ಮರುದಿನ ಗಿಟಾರು ಅರಿಸಿನ, ಕುಂಕುಮ, ಚೆಂಡುಹೂವಿನೊಡನೆ ಪೂಜೆಗೊಂಡಿತು. ನಾನು ಅಷ್ಟು ಭಕ್ತಿಯಿಂದ ಎಂದೂ ಕೈಮುಗಿದವನಲ್ಲ. ಬೇಡಿದ್ದು ಒಂದೇ: ಖುರಾನಾನ ದೃಷ್ಟಿ ಮಂದವಾಗಲಿ.

ದೇವರು ಬೇರೆ ಕಡತದಲ್ಲಿ ಮಗ್ನನಾಗಿದ್ದ. ದಸರಾ ಮುಗಿದು ಗಗನಾಳೊಡನೆ ಹಿಂತಿರುಗಿಸಲು ಹೋದಾಗ, ಖುರಾನಾ ಗಿಟಾರನ್ನು ಅಂಗಡಿಯ ಗೋಡೆಯ ಮೇಲೆ ಸಾದಾ ಗಿಟಾರಿನ ಪಕ್ಕ ತೂಗುಹಾಕಿದ. ಅವಳಿ ಜವಳಿ!

“ಇವೆರಡರಲ್ಲಿ ಮೂರು ಪಟ್ಟಿನದು ಯಾವುದು, ನೀವೇ ಹೇಳಿ ಸಾಹೇಬ್.”

ಗಗನಾ ಎರಡನ್ನೂ ನುಡಿಸಿ ನೋಡಿದಳು. “ಸೌಂಡ್ ತೋ ಸೇಮ್ ಹೀ ಹೈ, ಪಪ್ಪಾ.”

ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಗೆ ನಿಖರ ಉತ್ತರ ದೊರೆತದ್ದು ಆ ಕ್ಷಣದಲ್ಲಿ. ಬೇಡ! ಪೂರ್ತಿ ಹಣ ತೆತ್ತು ಕೊಂಡುತಂದೆ.

ಮನೆಯ ಲಿಫ್ಟಿನಿಂದ ಇಳಿಯುವಾಗ ಅದರ ಕಬ್ಬಿಣದ ಬಾಗಿಲಿಗೆ ತಗುಲಿ, ಪೆಟ್ಟಿಗೆಯಿಲ್ಲದೆ ಹಿಡಿದಿದ್ದ ಗಿಟಾರಿನ ಹೊಳಪಿನ ಮೇಲೆ ಉದ್ದನೆಯ ಗೀರೊಂದು ಮೂಡಿತು. ಒಳಗೆ ಬಂದವನ ಕೈ ತಾನಾಗಿಯೇ ಉಪ್ಪುಕಾಗದದತ್ತ ಚಾಚಿತು.

ವೈಜಯಂತಿ ಥಟ್ಟನೆ ಕೈ ಹಿಡಿದಳು. “ಮುಟ್ಟಬೇಡಿ! ಕೊಟ್ಟ ದುಡ್ಡಿಗೆ ಒಂದು ಗೀರಾದರೂ ದಕ್ಕಿತಲ್ಲ!”