ಕಾಕಾನ ಕಂಪ್ಯೂಟರಿಗೆ ಮಾತು ಬರಿಸಿದ್ದು

ತಪ್ಪು ನನ್ನದೇ. ಕಂಡವರ ದನಿ ಅಣಕಿಸುವ ಚಟವಿರುವವನು ಬಾಗಿಲ ಕಡೆ ಮುಖ ಮಾಡಿ ಕೂರಬೇಕು. ನಾನು ಬೆನ್ನು ಮಾಡಿ ಕೂತಿದ್ದೆ. ಖಾನಾಪುರದ ನಮ್ಮ ಕಾಕಾ ಹರೆಯದಲ್ಲಿ ಮುಂಬೈಯಿಂದ ತೊಡೆಯ ಮೇಲಿಟ್ಟುಕೊಂಡು ತಂದಿದ್ದ ಹೋಂ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ, ಕಾಕಿಯ ದನಿಯಲ್ಲಿ ಅಂದೆ: "ರವಿವಾರದೊಳಗ ಇದು ಚಾಲೂ ಆಗಲಿಲ್ಲಂದ್ರ ರದ್ದಿಯಂವಗ ಕೊಟ್ಟ ಬಿಡ್ತೀನಿ ನೋಡ್ರಿ." ಕಾಕಾ ನಗಲಿಲ್ಲ. ತಿರುಗಿದರೆ ಕಾಕಿ ನಿಂತಿದ್ದಳು. "ಛಲೋ ಹೇಳಿದಿ ತಮ್ಮಾ, ನನಗ ಇದು ಹೊಳದಿರಲಿಲ್ಲ," ಎಂದು ಒಳಗೆ ಹೋದಳು. ನಾನು ಹೇಳಿದ್ದು ಅವಳ ಮಾತಾಗಿಹೋಯಿತು.

ಈ ಕಂಪ್ಯೂಟರ್ ಅಂದರೆ ಒಂದು ಕೀಲಿಮಣೆ, ಅಷ್ಟೇ. ತೆರೆಗೆ ಹಳೆಯ ಡಬ್ಬಾ ಟಿವಿ, ಬುದ್ಧಿಗೆ ಕ್ಯಾಸೆಟ್. ಕ್ಯಾಸೆಟ್ಟಿನಲ್ಲಿರುವುದು ಫೋರ್ತ್ ಎಂಬ, ಈಗ ಯಾರೂ ವಿಚಾರಿಸದ ಪ್ರೋಗ್ರಾಮಿಂಗ್ ಭಾಷೆ. 'ಎರಡು, ಮೂರು, ಕೂಡಿಸು' ಎಂದು ನಮ್ಮ ಹಾಗೆಯೇ ಕ್ರಿಯಾಪದವನ್ನು ಕೊನೆಗಿಡುತ್ತದೆ. ಕಾಕಾನಿಗೆ ಅದು ಪರಭಾಷೆ ಅನ್ನಿಸಿರಲೇ ಇಲ್ಲವಂತೆ. ಟೇಪ್‌ರೆಕಾರ್ಡರ್ ಕೀರಲು ದನಿಯಲ್ಲಿ ಕಿರುಚಬೇಕು, ಅದನ್ನು ಕೇಳಿ ಕಂಪ್ಯೂಟರ್ ಭಾಷೆ ಕಲಿಯಬೇಕು. ಆದರೆ ಟೇಪ್‌ರೆಕಾರ್ಡರಿನ ಬೆಲ್ಟು ಬೆಲ್ಲದ ಪಾಕದಂತೆ ಕರಗಿತ್ತು. ನಾನಿರುವುದು ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ. ದಿನಾ ನೌಕರಿ ಮುಗಿಸಿ, ಕಾಲು ಸೋಲುವವರೆಗೂ ಅಂಗಡಿ ಅಂಗಡಿ ಅಲೆದೆ. "ಇದರ ಬೆಲ್ಟ ಎಲ್ಲೀದ್ರಿ ಈಗ? ಪ್ಯಾಂಟಿಂದು ಕೊಡ್ಲೇನ್ರಿ?" ಎಂದ ಒಬ್ಬ. ಕೊನೆಗೆ ಹತ್ತಿರ ಹತ್ತಿರ ಅಳತೆಯದೊಂದು ಸಿಕ್ಕಿತು.

ರವಿವಾರ ಖಾನಾಪುರಕ್ಕೆ ಬಂದು ಅದನ್ನು ಹಾಕಿದರೆ ಕ್ಯಾಸೆಟ್ ಕಿರುಚಲಿಲ್ಲ, ಈಯಲಿರುವ ಎಮ್ಮೆಯಂತೆ ನರಳಿತು. ಟಿವಿ ಖಾಲಿ. ಕಾಕಿ ಹೇಳಿಕಳಿಸಿದ್ದ ರದ್ದಿಯವ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಕಾಕಾ ಕಂಪ್ಯೂಟರನ್ನು ಟಾವೆಲ್ಲಿನ ತುದಿಯಿಂದ ಒರೆಸತೊಡಗಿದ, ಊರಿಗೆ ಹೊರಟ ಮಗುವಿನ ಮುಖ ಒರೆಸುವ ಹಾಗೆ. ನನ್ನ ನಾಲಿಗೆಯನ್ನೇ ರದ್ದಿಗೆ ಹಾಕಬೇಕೆನ್ನಿಸಿತು. ಆಮೇಲೆ ಕಾಕಾ "ಇದರ ದನಿ ಹಿಂಗಿರಲಿಲ್ಲೋ," ಎಂದು ಕಣ್ಣು ಮುಚ್ಚಿ, ಬಾಯಿಂದಲೇ "ಕೀಂಂಂ" ಎಂದ. ಈ ಚಟ ನನಗೆ ಯಾರಿಂದ ಬಂತೆಂದು ಆಗ ತಿಳಿಯಿತು. ನಾನು ಮೋಟಾರಿನ ವೇಗದ ಸ್ಕ್ರೂ ತಿರುಗಿಸುತ್ತ ಹೋದೆ. ಟೇಪಿನ ದನಿ ಕಾಕಾನ ದನಿಗೆ ಕೂಡುವವರೆಗೂ ಇಬ್ಬರೂ ಕೀಂಗುಟ್ಟಿದೆವು. ರದ್ದಿಯವ ಚಹಾ ಬಿಟ್ಟು ಎದ್ದು ಬಂದು ಬಾಗಿಲಲ್ಲಿ ನಿಂತ.

ಟಿವಿಯಲ್ಲಿ ಕರ್ಸರ್ ಮಿನುಗಿತು. ಕಾಕಾ ಎರಡು, ಮೂರು, ಕೂಡಿಸು ಎಂದು ಒತ್ತಿದ. ಐದು ಎಂದು ಬಂತು. ನಾವಿಬ್ಬರೂ ಮೆಟ್ರಿಕ್ ಪಾಸಾದವರಂತೆ ಕಾಕಿಯತ್ತ ತಿರುಗಿದೆವು. ಅವಳು ಟಿವಿ ನೋಡಿದಳು, ನಮ್ಮನ್ನು ನೋಡಿದಳು, ಆಮೇಲೆ ರದ್ದಿಯವನಿಗೆ ಅಂದಳು:

"ನೀ ನಡಿಯಪಾ. ಎರಡಕ್ಕ ಮೂರು ಕೂಡಸಾಕ ಇಬ್ರು ಗಂಡಸ್ರಿಗೆ ಒಂದು ವಾರ ಹಿಡೀತು. ಮಶೀನ್ ನೀ ಒಯ್ತಿ, ಇವರಿಬ್ಬರನ್ನ ಯಾರು ಒಯ್ಬೇಕು?"